ಹಸುಗೂಸಿನ ಲಿವರ್ ವೈಫಲ್ಯ: ಪ್ಲಾಸ್ಮಾ ಹಾಕುವ ಮುಂಚೆ ಸ್ಯಾಂಪಲ್

ನವಜಾತ ಶಿಶುವಿನ ಲಿವರ್ ವೈಫಲ್ಯವನ್ನು ಕಾಮಾಲೆ ನೋಡಿ ಹಿಡಿಯಲಾಗದು. ಮೊದಲ ವಾರ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಳದಿಯಾಗಿಯೇ ಇರುತ್ತಾರೆ. ಮಂಪರೂ ಗೊತ್ತಾಗುವುದಿಲ್ಲ, ಕೂಸು ಹೇಗೂ ದಿನವಿಡೀ ಮಲಗಿರುತ್ತದೆ. ನಾವು ನೆಚ್ಚುವುದು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ ಒಂದನ್ನೇ. ವಿಟಮಿನ್ ಕೆ 1 ಮಿ.ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟು, ಆರೆಂಟು ಗಂಟೆ ಬಿಟ್ಟು ಮತ್ತೆ ನೋಡುತ್ತೇವೆ. ಆಗಲೂ 3 ಅಥವಾ ಹೆಚ್ಚಿದ್ದರೆ ಲಿವರ್ ಕೈಕೊಟ್ಟಿದೆ ಎಂದೇ ಲೆಕ್ಕ. ಹೆಪಾರಿನ್ ಲೈನಿನಿಂದ ತೆಗೆದ ರಕ್ತವನ್ನೂ ಗುರುತಿನವರೆಗೆ ತುಂಬದ ಟ್ಯೂಬನ್ನೂ ನಂಬಬೇಡಿ.

ಐಎನ್‌ಆರ್ ಏರಿದ್ದು ಕಂಡ ಕೂಡಲೇ ಪ್ಲಾಸ್ಮಾ (ಹೆಪ್ಪುಗಟ್ಟಿಸುವ ಅಂಶಗಳಿರುವ ರಕ್ತದ ದ್ರವಭಾಗ) ತರಿಸುವ ಚಾಳಿ ಬಿಡಬೇಕು. ರಕ್ತಸ್ರಾವವಾಗುತ್ತಿಲ್ಲದಿದ್ದರೆ ಅದರ ಅಗತ್ಯವಿಲ್ಲ. ಹಾಕಿದರೆ ಲಿವರ್ ಹೇಗಿದೆಯೆಂದು ಹೇಳುವ ಏಕೈಕ ಅಳತೆಯೂ ಮಸುಕಾಗುತ್ತದೆ. ಏನೇ ಹಾಕುವುದಿದ್ದರೂ ಮೊದಲು ಸ್ಯಾಂಪಲ್: ಗ್ಯಾಲಕ್ಟೋಸೀಮಿಯಾದ (ಹಾಲಿನ ಸಕ್ಕರೆಯನ್ನು ದೇಹ ಬಳಸಲಾರದ ಕಾಯಿಲೆ) ಕಿಣ್ವ ಪರೀಕ್ಷೆ, ಫೆರಿಟಿನ್, ಲ್ಯಾಕ್ಟೇಟ್, ಹರ್ಪಿಸ್ ಪಿಸಿಆರ್, ಕಲ್ಚರ್, ಮೂತ್ರದಲ್ಲಿ ಸಕ್ಸಿನೈಲ್ ಅಸಿಟೋನ್ (ಟೈರೋಸಿನೀಮಿಯಾ ಎಂಬ ಚಯಾಪಚಯ ಕಾಯಿಲೆಯ ಗುರುತು). ದಾನಿಯ ಕೆಂಪುಕಣ ಒಳಹೋದ ಮೇಲೆ ಆ ಕಿಣ್ವ ಪರೀಕ್ಷೆ ಸುಮಾರು ಮೂರು ತಿಂಗಳು ಸುಳ್ಳು ನಾರ್ಮಲ್ ತೋರಿಸಬಹುದು. ಅಮೋನಿಯಾದ ರಕ್ತವನ್ನು ಪಟ್ಟಿ ಬಿಗಿಯದೆ ತೆಗೆದು, ಐಸ್‌ನಲ್ಲಿಟ್ಟು ತಕ್ಷಣ ಲ್ಯಾಬಿಗೆ ಓಡಿಸಬೇಕು. ಹಾಲು ನಿಲ್ಲಿಸಿದ ಮೇಲೆ ಮೂತ್ರದಲ್ಲಿ ಸಕ್ಕರೆ ಹುಡುಕುವ ಬೆನೆಡಿಕ್ಟ್ ಪರೀಕ್ಷೆಯೂ ನೆಗೆಟಿವ್ ಆಗಿಬಿಡುತ್ತದೆ. ಹಾಗಾಗಿ ಅದನ್ನೂ ಮೊದಲೇ ಮಾಡಿ. ಬೆನೆಡಿಕ್ಟ್ ಪಾಸಿಟಿವ್, ಗ್ಲೂಕೋಸ್ ಸ್ಟ್ರಿಪ್ ನೆಗೆಟಿವ್, ಜೊತೆಗೆ ಈ-ಕೋಲೈ ಸೋಂಕು ಸೇರಿದರೆ ಗ್ಯಾಲಕ್ಟೋಸೀಮಿಯಾದ ಶಂಕೆ ಬಲವಾಗುತ್ತದೆ.

ಕಾರಣದ ಸುಳಿವು ಮಗುವಿನ ವಯಸ್ಸು ಮತ್ತು ಲಿವರ್ ಕೋಶ ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವವಾದ ಎಸ್‌ಜಿಪಿಟಿಯಲ್ಲಿದೆ. ಒಂದೆರಡು ವಾರದ ಮಗು, ಎಸ್‌ಜಿಪಿಟಿ ಸಾವಿರಗಳಲ್ಲಿ ಎಂದರೆ ಮೊದಲು ಹರ್ಪಿಸ್. ಚರ್ಮದ ಗುಳ್ಳೆ, ತಾಯಿಯ ಹಿನ್ನೆಲೆ ಎರಡೂ ಇರಲೇಬೇಕೆಂದಿಲ್ಲ. ಹುಟ್ಟುತ್ತಲೇ ಊತ, ಸಕ್ಕರೆ ಕುಸಿತ, ಐಎನ್‌ಆರ್ ಗಗನಕ್ಕೆ, ಆದರೆ ಎಸ್‌ಜಿಪಿಟಿ ನೂರರೊಳಗೆ! ಈ ‘ಒಳ್ಳೆಯ’ ಅಂಕಿ ನೋಡಿ ಸಮಾಧಾನಪಡಬಾರದು. ತಾಯಿಯ ಪ್ರತಿಕಾಯಗಳೇ ಭ್ರೂಣದ ಲಿವರನ್ನು ಸುಟ್ಟ ಗರ್ಭಕಾಲೀನ ಅಲೋಇಮ್ಯೂನ್ ಕಾಯಿಲೆ ಅದು. ಸುಡಲು ಉಳಿದ ಜೀವಕೋಶಗಳೇ ಕಡಿಮೆ. ಕೆಳತುಟಿಯ ಒಳಭಾಗದ ಬಯಾಪ್ಸಿಯಲ್ಲಿ ಜೊಲ್ಲುಗ್ರಂಥಿಗಳಲ್ಲಿ ಕಬ್ಬಿಣ ಕಂಡರೆ ಖಚಿತ. ಚೂರಿನಲ್ಲಿ ಗ್ರಂಥಿಯೇ ಬಾರದಿದ್ದರೆ ವರದಿಗೆ ಬೆಲೆಯಿಲ್ಲ.

ಮನೆಯವರನ್ನು ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಿದಿರಾ ಎಂದು ಕೇಳಲೇಬೇಕು. ಫ್ರಕ್ಟೋಸ್ ಸಹಿಸದ ಮಗುವಿಗೆ ಅಷ್ಟು ಸಾಕು. ಸೋದರಮಾವ, ಅತ್ತೆಮಗ ಎಂಬ ಒಳಸಂಬಂಧದ ಮದುವೆಯಾಗಿದ್ದರೆ ಚಯಾಪಚಯ ಕಾಯಿಲೆಗಳ ಸಾಧ್ಯತೆ ಹೆಚ್ಚು.

ವರದಿಗಾಗಿ ಕಾಯದೆ ಹಾಲು ನಿಲ್ಲಿಸಿ, ಅಸೈಕ್ಲೋವಿರ್ ಕೆ.ಜಿ.ಗೆ 20 ಮಿ.ಗ್ರಾಂನಂತೆ ಎಂಟು ಗಂಟೆಗೊಮ್ಮೆ (ಕಿಡ್ನಿ ನೋಡಿಕೊಂಡು) ಮತ್ತು ಆ್ಯಂಟಿಬಯಾಟಿಕ್ ಶುರುಮಾಡುತ್ತೇವೆ. ಹರ್ಪಿಸ್ ಖಚಿತವಾದರೆ 21 ದಿನ. ಅಲೋಇಮ್ಯೂನ್ ಶಂಕೆಯಿದ್ದರೆ ಬಯಾಪ್ಸಿಗೂ ಕಾಯುವುದಿಲ್ಲ: ಕೆ.ಜಿ.ಗೆ 160 ಮಿ.ಲೀ. ಲೆಕ್ಕದಲ್ಲಿ ಮಗುವಿನ ರಕ್ತ ತೆಗೆದು ದಾನಿಯ ರಕ್ತ ತುಂಬುವ ಎಕ್ಸ್‌ಚೇಂಜ್, ಅಂದರೆ 3 ಕೆ.ಜಿ. ಮಗುವಿಗೆ 480 ಮಿ.ಲೀ.; ಅದು ಮುಗಿದ ಮೇಲೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಕೆ.ಜಿ.ಗೆ 1 ಗ್ರಾಂ. ಮೊದಲೇ ಕೊಟ್ಟಿದ್ದು ಎಕ್ಸ್‌ಚೇಂಜಿನಲ್ಲಿ ಹೊರಹೋಗುತ್ತದೆ, ಮರುಡೋಸ್ ಬೇಕು.

ಗ್ಲೂಕೋಸ್ ನಿಮಿಷಕ್ಕೆ ಕೆ.ಜಿ.ಗೆ 8 ಮಿ.ಗ್ರಾಂ ಬೇಕಾದರೆ 10% ದ್ರಾವಣ ಗಂಟೆಗೆ ಕೆ.ಜಿ.ಗೆ 4.8 ಮಿ.ಲೀ. ಓಡಬೇಕು, ಊದಿದ ಮಗುವಿಗೆ ಇಷ್ಟು ನೀರು ಜಾಸ್ತಿ. ಹೊಕ್ಕುಳ ಲೈನ್ ಹಾಕಿ 15% ಕೊಟ್ಟರೆ 3.2 ಮಿ.ಲೀ. ಸಾಕು. ಅತಿಯಾದ ಪ್ಯಾರಸಿಟಮಾಲಿನ ಹಾನಿಗೆ ಮದ್ದಾದ ಎನ್-ಅಸಿಟೈಲ್‌ಸಿಸ್ಟೀನ್ ರೂಢಿಯಂತೆ ಹಾಕುವುದನ್ನು ನಾವು ಬಿಟ್ಟಿದ್ದೇವೆ. ಪ್ಯಾರಸಿಟಮಾಲ್ ಕಾರಣವಲ್ಲದ ಮಕ್ಕಳ ಮೇಲಿನ 2013ರ ಪ್ರಯೋಗದಲ್ಲಿ, ವಿಶೇಷವಾಗಿ ಎರಡು ವರ್ಷದೊಳಗಿನವರಲ್ಲಿ, ಔಷಧಿ ಪಡೆದವರೇ ಹಿಂದುಳಿದರು. ಲಿವರ್ ಕಸಿ ಕೇಂದ್ರಕ್ಕೆ ಮೊದಲ ದಿನವೇ ಫೋನ್ ಮಾಡಿ. ಆದರೆ ಮೈಟೋಕಾಂಡ್ರಿಯಾ ಕಾಯಿಲೆ ಮೆದುಳಿಗೂ ತಗುಲಿದ್ದರೆ ಕಸಿ ಪ್ರಯೋಜನವಿಲ್ಲ.

ಅಲೋಇಮ್ಯೂನ್ ಕಾಯಿಲೆ ಖಚಿತವಾದರೆ, ಮಗು ಉಳಿದರೂ ಉಳಿಯದಿದ್ದರೂ, ತಾಯಿಯ ಕಾರ್ಡಿನಲ್ಲಿ ದೊಡ್ಡದಾಗಿ ಬರೆಯುತ್ತೇವೆ. ಚಿಕಿತ್ಸೆಯಿಲ್ಲದೆ ಮುಂದಿನ ಗರ್ಭದಲ್ಲಿ ಮರುಕಳಿಸುವ ಸಾಧ್ಯತೆ 90%ಕ್ಕೂ ಹೆಚ್ಚು, ಮತ್ತು ತವರಿಗೆ ಹೋಗಿ ಹೆರುವಾಗ ಡಾಕ್ಟರ್ ಬೇರೆಯವರಾಗಿರುತ್ತಾರೆ. 14 ಮತ್ತು 16ನೇ ವಾರ, ಆಮೇಲೆ 18ರಿಂದ ಹೆರಿಗೆಯವರೆಗೆ ವಾರವಾರ ಆಕೆಗೆ ಐವಿಐಜಿ, ಕೆ.ಜಿ.ಗೆ 1 ಗ್ರಾಂನಂತೆ.