'ಕ್ಯಾನಿಬಲ್ ಹೋಲೊಕಾಸ್ಟ್' ನೋಡಿದವರ ಜೊತೆ ಮಾತಾಡುವುದು ಹೇಗೆ

'ಕ್ಯಾನಿಬಲ್ ಹೋಲೊಕಾಸ್ಟ್' ಸಿನಿಮಾದಲ್ಲಿ ಆಮೆಯನ್ನು ಕೊಲ್ಲುವ ದೃಶ್ಯ ಶುರುವಾದ ಕೂಡಲೇ ನನ್ನ ಗೆಳತಿ ಎದ್ದು ಹೊರಗೆ ಹೋದಳು. ಅವಳು ನರ್ಸ್. ಅಪಘಾತದಲ್ಲಿ ಗಾಯಗೊಂಡವರನ್ನು ದಿನಾ ನೋಡುವವಳು. ಮೊದಲರ್ಧದಲ್ಲಿ ಮನುಷ್ಯರನ್ನು ಹಿಂಸಿಸುವ ದೃಶ್ಯ ಬಂದಾಗ ಅವಳು ಕದಲಿರಲಿಲ್ಲ. ಕೋಆಟಿ ಅನ್ನೋ ಉದ್ದ ಮೂತಿಯ ಪುಟ್ಟ ಪ್ರಾಣಿಯನ್ನು ಕೊಂದಾಗ ಮುಖ ತಿರುಗಿಸಿದ್ದಳು. ಆಮೆ ಬಂದಾಗ ಕೂರಲು ಆಗಲಿಲ್ಲ. ನನ್ನ ತಮ್ಮ ಹಿಂದಿನಿಂದ ಕೂಗಿದ, "ಬನ್ನಿ ಅಕ್ಕಾ, ಎಲ್ಲಾ ಸೆಟ್ಟಿಂಗ್ ಅಲ್ವಾ?"

ಸೆಟ್ಟಿಂಗ್ ಆಗಿರಲಿಲ್ಲ. ಆ ಆಮೆ ಕ್ಯಾಮೆರಾ ಮುಂದೆ ನಿಜವಾಗಿಯೇ ಸತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಬ್ಬರಿಗೂ ಮೊದಲೇ ಹೇಳಿರಲಿಲ್ಲ. ಆ ತಪ್ಪು ನನ್ನದೇ. ಅವತ್ತಿನಿಂದ ಇಂಥ ಸಿನಿಮಾ ತೋರಿಸುವ, ನೋಡಿದವರ ಮಾತು ಕೇಳುವ ರೀತಿಯನ್ನು ಬದಲಾಯಿಸಿಕೊಂಡಿದ್ದೇನೆ. ನೀವೂ ಯಾರ ಜೊತೆಗಾದರೂ ಈ ಸಿನಿಮಾ ಬಗ್ಗೆ ಮಾತಾಡುವುದಿದ್ದರೆ ನಾನು ಮಾಡುವ ಕ್ರಮ ಹೀಗಿದೆ.

ಮೊದಲು, ಯಾವುದು ನಿಜ, ಯಾವುದು ನಕಲಿ ಅನ್ನೋದನ್ನು ಸಿನಿಮಾ ಹಾಕುವ ಮುಂಚೆಯೇ ಹೇಳಿಬಿಡಿ. ಕುತೂಹಲ ಹಾಳಾಗುತ್ತೆ ಅಂತ ಮುಚ್ಚಿಡಬೇಡಿ. ಇಟಲಿಯ ನಿರ್ದೇಶಕ ರುಜೆರೊ ದೆಯೊದಾತೊ ಈ ಸಿನಿಮಾವನ್ನು ಕೊಲಂಬಿಯಾದ ಲೆಟೀಸಿಯಾ ಹತ್ತಿರದ ಅಮೆಜಾನ್ ಕಾಡಿನಲ್ಲಿ ತೆಗೆದರು. 1980ರಲ್ಲಿ ಬಿಡುಗಡೆ ಆಯಿತು. ನಾಲ್ವರು ಸಾಕ್ಷ್ಯಚಿತ್ರ ತೆಗೆಯಲು ಕಾಡಿಗೆ ಹೋಗಿ ಕಾಣೆಯಾಗುತ್ತಾರೆ. ಹುಡುಕಲು ಹೋದ ಪ್ರೊಫೆಸರ್‌ಗೆ ಅವರ ರೀಲುಗಳು ಸಿಗುತ್ತವೆ. ಎರಡನೇ ಅರ್ಧದಲ್ಲಿ ನಾವು ನೋಡುವುದು ಆ ರೀಲುಗಳನ್ನೇ. ಕೈಯಲ್ಲಿ ಹಿಡಿದ ಕ್ಯಾಮೆರಾ, ಅಲುಗಾಡುವ ಚಿತ್ರ, ಗೀರು ಬಿದ್ದ ಫಿಲ್ಮ್. ಅದಕ್ಕೇ ಎಲ್ಲವೂ ನಿಜ ಅನ್ನಿಸುತ್ತೆ.

ಇಲ್ಲಿ ಮನುಷ್ಯರ ಸಾವುಗಳು ನಕಲಿ. ಚಿತ್ರೀಕರಣದಲ್ಲಿ ಕೊಂದ ಏಳು ಪ್ರಾಣಿಗಳ ಸಾವು ನಿಜ. ಕೋಆಟಿ, ಆಮೆ, ಜೇಡ, ಹಾವು, ಹಂದಿ, ಮತ್ತೆ ಎರಡು ಪುಟ್ಟ ಕೋತಿಗಳು. ಪರದೆ ಮೇಲೆ ಸಾಯುವುದು ಒಂದೇ ಕೋತಿ. ಆ ಶಾಟ್ ಎರಡು ಸಲ ತೆಗೆದರು, ಅದಕ್ಕೆ ಎರಡು. ನಾನು ಇದನ್ನು ಹೇಳಿದ ಮೇಲೆ ಕೆಲವರು "ಹಾಗಾದ್ರೆ ನನಗೆ ಬೇಡ" ಅಂತ ಎದ್ದು ಹೋಗಿದ್ದಾರೆ. ಅದೂ ಒಂದು ಪ್ರತಿಕ್ರಿಯೆಯೇ. ನನ್ನ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದಿಡುತ್ತೇನೆ. "ನೋಡದೆ ಹೇಗೆ ಮಾತಾಡ್ತೀರಿ" ಅಂತ ಅವರ ಬಾಯಿ ಮುಚ್ಚಿಸಬೇಡಿ.

ಮುಂದಿನ ಪ್ರಶ್ನೆ: ಯಾವ ಕಾಪಿ ನೋಡಿದಿರಿ? ಸಣ್ಣ ವಿಷಯ ಅನ್ನಿಸಬಹುದು, ಆದರೆ ಅರ್ಧ ಜಗಳ ಇಲ್ಲೇ ಮುಗಿಯುತ್ತೆ. ಬ್ರಿಟನ್ನಿನಲ್ಲಿ ಎಂಬತ್ತರ ದಶಕದಲ್ಲಿ 'ವಿಡಿಯೋ ನ್ಯಾಸ್ಟಿ' ಅಂತ, ಆಕ್ಷೇಪಕ್ಕೆ ಒಳಗಾದ ಹಿಂಸೆಯ ವಿಡಿಯೋಗಳ ಒಂದು ಪಟ್ಟಿ ಇತ್ತು, ಅದರಲ್ಲಿ ಈ ಸಿನಿಮಾವೂ ಸೇರಿತ್ತು. 2001ರಲ್ಲಿ ಅಲ್ಲಿನ ಸೆನ್ಸಾರ್ ಸುಮಾರು ಆರು ನಿಮಿಷ ಕತ್ತರಿಸಿ ಒಪ್ಪಿಗೆ ಕೊಟ್ಟಿತು. ಪ್ರಾಣಿಗಳನ್ನು ಕೊಲ್ಲುವುದು, ಲೈಂಗಿಕ ಹಿಂಸೆ, ಇವೇ ಹೋಗಿದ್ದವು. 2011ರಲ್ಲಿ ಬರೀ 15 ಸೆಕೆಂಡ್ ತೆಗೆದರು, ಕೋಆಟಿಯದು ಮಾತ್ರ. ಒಬ್ಬರು "ಅಂಥದ್ದೇನೂ ಇಲ್ಲ" ಅಂತಾರೆ, ಇನ್ನೊಬ್ಬರು "ರಾತ್ರಿ ನಿದ್ದೆ ಬರಲಿಲ್ಲ" ಅಂತಾರೆ. ಇಬ್ಬರೂ ನೋಡಿದ್ದು ಬೇರೆ ಬೇರೆ ಸಿನಿಮಾ ಆಗಿರಬಹುದು.

ಆಮೇಲೆ, "ಹೇಗಿತ್ತು?" ಅಂತ ಕೇಳಬೇಡಿ. ಆ ಪ್ರಶ್ನೆಗೆ "ಅಸಹ್ಯ" ಅಥವಾ "ಮಾಸ್ಟರ್‌ಪೀಸ್" ಅನ್ನೋ ತೀರ್ಪು ಮಾತ್ರ ಬರುತ್ತೆ. ಎರಡರಿಂದಲೂ ಏನೂ ಗೊತ್ತಾಗುವುದಿಲ್ಲ. ಯಾವ ಹೊತ್ತಿನಲ್ಲಿ ಕಣ್ಣು ಮುಚ್ಚಿದಿರಿ, ಮುಚ್ಚಿದಾಗ ಏನು ಕೇಳಿಸುತ್ತಿತ್ತು, ಮತ್ತೆ ಯಾವಾಗ ತೆರೆದಿರಿ ಅಂತ ಕೇಳಿ. ಉತ್ತರಗಳು ಬೇರೆಯೇ ಬರುತ್ತವೆ. ನನ್ನ ಪರಿಚಯದ ಒಬ್ಬರು ರಕ್ತದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರನ್ನು ಕಾಡಿದ್ದು ಹಾಡಿನಂಥ ಆ ಸಂಗೀತ. ಸಂಗೀತ ನಿರ್ದೇಶಕ ರಿಜ್ ಓರ್ತೊಲಾನಿ ಕೊಟ್ಟಿರುವ ರಾಗ ಜೋಗುಳದ ಹಾಗೆ ಮೆತ್ತಗಿದೆ. ಗುಡಿಸಲುಗಳಿಗೆ ಬೆಂಕಿ ಇಟ್ಟು ಜನರನ್ನು ಒಳಗೆ ನೂಕುವಾಗ ಬರುವ ಸಂಗೀತವೂ ಶೋಕದ್ದೇ, ಭಯದ್ದಲ್ಲ. "ಮನಸ್ಸು ಒಂದು ಕಡೆ, ಕಿವಿ ಇನ್ನೊಂದು ಕಡೆ ಎಳೀತಿತ್ತು" ಅಂದರು ಅವರು. ಹೇಗಿತ್ತು ಅಂತ ಕೇಳಿದ್ದರೆ ಈ ಮಾತು ಸಿಗುತ್ತಿರಲಿಲ್ಲ.

ಈಗ ನಾನು ಜಾಸ್ತಿ ಹೊತ್ತು ಕಳೆಯುವ ಕೆಲಸ. ಸಿಟ್ಟು ಯಾರ ಮೇಲೆ ಅನ್ನೋದನ್ನು ಬಿಡಿಸಿ ನೋಡುವುದು. ಈ ಸಿನಿಮಾ ಬಿಡುಗಡೆಯಾದಾಗ ನಡೆದದ್ದರಲ್ಲೇ ಅದಕ್ಕೆ ದೊಡ್ಡ ಪಾಠ ಇದೆ. ಮಿಲಾನ್‌ನಲ್ಲಿ ತೆರೆಕಂಡ ಸ್ವಲ್ಪ ದಿನಕ್ಕೇ ಅಧಿಕಾರಿಗಳು ಸಿನಿಮಾ ಮುಟ್ಟುಗೋಲು ಹಾಕಿಕೊಂಡರು. ನಟರನ್ನು ನಿಜವಾಗಿಯೇ ಕೊಂದಿದ್ದಾರೆ ಅನ್ನೋ ಅನುಮಾನ ಹುಟ್ಟಿ ದೆಯೊದಾತೊ ಮೇಲೆ ಕೊಲೆ ಆರೋಪದ ತನಕ ಹೋಯಿತು. ಸಿನಿಮಾ ನಿಜ ಅನ್ನಿಸಲಿ ಅಂತ ನಟರು ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಬಾರದು ಎಂದು ಕರಾರು ಮಾಡಿಸಿಕೊಂಡಿದ್ದರು. ಕೊನೆಗೆ ಅವರೇ ಆ ನಟರನ್ನು ಹುಡುಕಿಸಿ, ಬದುಕಿದ್ದಾರೆ ಅಂತ ತೋರಿಸಬೇಕಾಯಿತು. ಕಂಬಕ್ಕೆ ಚುಚ್ಚಿದ ಹೆಂಗಸಿನ ದೃಶ್ಯ ಹೇಗೆ ಮಾಡಿದ್ದು ಅಂತಲೂ ವಿವರಿಸಿದರು. ಕಬ್ಬಿಣದ ಕಂಬದ ತುದಿಗೆ ಸೈಕಲ್ ಸೀಟು. ಅದರ ಮೇಲೆ ಕೂತ ನಟಿ ಬಾಯಲ್ಲಿ ಹಗುರವಾದ ಬಾಲ್ಸಾ ಮರದ ತುಂಡು ಕಚ್ಚಿಕೊಂಡು ಮೇಲೆ ನೋಡುತ್ತಿದ್ದಳು. ಅಷ್ಟೇ.

ಎಲ್ಲರೂ ಗಾಬರಿಯಾದದ್ದು ಬದುಕಿದ್ದವರಿಗಾಗಿ. ಸತ್ತ ಪ್ರಾಣಿಗಳ ಮಾತು ಹಿಂದೆ ಬಿತ್ತು. ಕೊಲೆ ಆರೋಪ ಬಿದ್ದುಹೋದ ಮೇಲೂ ಆ ಪ್ರಾಣಿಗಳ ಕಾರಣಕ್ಕೇ ಇಟಲಿಯಲ್ಲಿ ನಿಷೇಧ 1984ರ ತನಕ ಉಳಿಯಿತು. ಸಿಟ್ಟು ಸರಿಯೇ ಇತ್ತು, ವಿಳಾಸ ತಪ್ಪಿತ್ತು. ಅದಕ್ಕೇ ಕೇಳಿ: ನಿಮಗೆ ಕೋಪ ಬಂದದ್ದು ಪರದೆ ಮೇಲಿನ ಪಾತ್ರದ ಮೇಲಾ, ನಿರ್ದೇಶಕನ ಮೇಲಾ, ಇದನ್ನು ಹಾಕಿದ ನನ್ನ ಮೇಲಾ? ನನ್ನ ಮೇಲೆ ಅಂದರೆ ಕೇಳಿಸಿಕೊಳ್ಳಿ. ಸಮರ್ಥನೆ ಕೊಡಲು ಹೋಗಬೇಡಿ.

ಒಂದು ಮಾತು ಪ್ರತಿ ಸಲ ಬರುತ್ತೆ: "ಇದು ಮೀಡಿಯಾ ಬಗ್ಗೆ ಟೀಕೆ. ಕಾಡಿನವರಲ್ಲ, ಕ್ಯಾಮೆರಾ ಹಿಡಿದವರೇ ರಾಕ್ಷಸರು ಅಂತ ತೋರಿಸ್ತಾರೆ." ಇದು ಸುಳ್ಳಲ್ಲ. ಆಗ ಇಟಲಿಯಲ್ಲಿ ರೆಡ್ ಬ್ರಿಗೇಡ್ಸ್ ಅನ್ನೋ ಉಗ್ರ ಎಡಪಂಥೀಯ ಗುಂಪಿನ ಹಿಂಸೆಯ ಸುದ್ದಿಗಳು ಟೀವಿಯಲ್ಲಿ ತುಂಬಿದ್ದವು. ಅದನ್ನು ನೋಡಿಯೇ ಈ ಕಥೆ ಹೊಳೆಯಿತು ಅಂತ ದೆಯೊದಾತೊ ಹೇಳಿದ್ದಾರೆ. ಸಿನಿಮಾದ ಒಳಗಿನ ತಂಡ ಚಿತ್ರಕ್ಕಾಗಿ ಹಿಂಸೆ ಹುಟ್ಟಿಸುತ್ತೆ, ಟೀವಿಯವರು ಅದನ್ನು ಮಾರಲು ಹೊರಡುತ್ತಾರೆ. ಟೀಕೆ ಇದೆ. ಆದರೆ ಈ ಮಾತು ಬಂದ ಕೂಡಲೇ ಚರ್ಚೆ ನಿಲ್ಲಿಸಬೇಡಿ. ಒಂದು ಹೆಜ್ಜೆ ಮುಂದೆ ಹೋಗಿ ಕೇಳಿ: ಆ ತಂಡ ಮಾಡಿದ್ದನ್ನೇ ಈ ತಂಡವೂ ಮಾಡಲಿಲ್ವಾ? ಶಾಟ್ ಚೆನ್ನಾಗಿ ಬರಲಿ ಅಂತ ಎರಡನೇ ಕೋತಿಯನ್ನು ಕೊಂದದ್ದು ಕಥೆಯ ಪಾತ್ರಗಳಲ್ಲ. ಪ್ರೊಫೆಸರ್ ಪಾತ್ರ ಮಾಡಿದ ರಾಬರ್ಟ್ ಕರ್ಮನ್ ಕೋಆಟಿ ಕೊಲ್ಲುವಾಗ ಸೆಟ್ಟಿನಿಂದ ಎದ್ದು ಹೋಗಿದ್ದರು. ನನ್ನ ಮಟ್ಟಿಗೆ ಅವರೇ ಈ ಸಿನಿಮಾದ ಮೊದಲ ನೋಡುಗ, ಅವರದೇ ಮೊದಲ ಪ್ರತಿಕ್ರಿಯೆ. ಪ್ರಾಣಿಗಳನ್ನು ಕೊಂದದ್ದು ತಪ್ಪಾಯಿತು ಅಂತ ದೆಯೊದಾತೊ ಕೂಡ ಎಷ್ಟೋ ವರ್ಷದ ಮೇಲೆ ಒಪ್ಪಿಕೊಂಡರು.

ಇನ್ನೊಂದು ಕಡೆ ಗಮನ ಇಡಿ. ಪ್ರಾಣಿಗಳ ವಿಷಯ ಎಷ್ಟು ದೊಡ್ಡದಾಗುತ್ತೆ ಅಂದರೆ ಅತ್ಯಾಚಾರದ ದೃಶ್ಯಗಳ ಮೇಲೆ ಮಾತು ಹಾಗೇ ಜಾರಿಹೋಗುತ್ತೆ. "ಅದು ನಟನೆ ತಾನೇ" ಅಂತ. ನಟನೆ ಹೌದು. ಕ್ಯಾಮೆರಾ ಎಲ್ಲಿ ನಿಂತಿದೆ, ಆ ಹೆಂಗಸಿಗೆ ಹೆಸರು ಇದೆಯಾ, ಒಂದು ಮಾತಾದರೂ ಇದೆಯಾ ಅಂತ ಕೇಳಿ ನೋಡಿ. ನಮ್ಮ ಗುಂಪಿನಲ್ಲಿ ಇದನ್ನು ಕೇಳಿದ ದಿನ ಹೆಂಗಸರು ಮಾತು ಶುರು ಮಾಡಿದರು, ಗಂಡಸರು ಸುಮ್ಮನಾದರು. ಒಳ್ಳೆಯದೇ ಆಯಿತು.

ಕೋಣೆಯಲ್ಲಿ ಇಲ್ಲದವರನ್ನೂ ನೆನಪಿಡಿ. ಸಿನಿಮಾದಲ್ಲಿ 'ಯನೊಮಾಮೊ' ಅನ್ನೋ ಹೆಸರು ಬರುತ್ತೆ. ಅದು ಕಟ್ಟುಕಥೆಯ ಹೆಸರಲ್ಲ. ಯನೊಮಾಮಿ ಅಂತಲೂ ಕರೆಯುವ ಇವರು ಬ್ರೆಜಿಲ್ ಮತ್ತು ವೆನೆಜುವೆಲಾ ಗಡಿಯ ಕಾಡಿನಲ್ಲಿ ಇಂದಿಗೂ ಬದುಕುತ್ತಿರುವ ಜನ. ತಮ್ಮವರು ಸತ್ತಾಗ ಸುಟ್ಟು, ಮೂಳೆಯ ಬೂದಿಯನ್ನು ಬಾಳೆಹಣ್ಣಿನ ಗಂಜಿಯಲ್ಲಿ ಕಲಸಿ ಕುಡಿಯುತ್ತಾರೆ. ಅದು ಅವರ ದುಃಖದ ಕ್ರಮ, ಸತ್ತವರ ಮೇಲಿನ ಪ್ರೀತಿ. ಶತ್ರುವನ್ನು ಹರಿದು ತಿನ್ನುವ ಜನ ಅಂತ ಸಿನಿಮಾ ತೋರಿಸಿದ್ದು ಹಸಿ ಸುಳ್ಳು. "ಆ ಕಾಡುಜನ ಹಾಗೇ ಅಂತೆ" ಅಂತ ಯಾರಾದರೂ ಅಂದರೆ ಅಲ್ಲೇ ತಡೆದು ಇದನ್ನು ಹೇಳಿ. ಉಳಿದದ್ದೆಲ್ಲ ಅಭಿಪ್ರಾಯ, ಬಿಟ್ಟುಬಿಡಬಹುದು. ಇದನ್ನು ಬಿಡಬಾರದು.

ಬರೆದಿಡುವುದು ಎರಡು ಸಲ ಆಗಬೇಕು. ಅದೇ ರಾತ್ರಿ ಒಮ್ಮೆ, ವಾರದ ನಂತರ ಒಮ್ಮೆ. ಮೊದಲ ಸಲ ಮೈ ಮಾತಾಡುತ್ತೆ: ಹೊಟ್ಟೆ ತೊಳೆಸಿತು, ಬೆವರಿತು. ಎರಡನೇ ಸಲ ನೆನಪಿನಲ್ಲಿ ನಿಂತದ್ದು ಬರುತ್ತೆ. ಬೇರೆಯವರ ವಿಮರ್ಶೆ ಓದುವುದು ಇವೆರಡೂ ಆದ ಮೇಲೆ. ಮೊದಲೇ ಓದಿದರೆ ಅವರ ಪದಗಳೇ ನಿಮ್ಮ ಬಾಯಿಗೆ ಬರುತ್ತವೆ. ನನ್ನ ತಮ್ಮ ಸಿನಿಮಾ ನೋಡಿದ ರಾತ್ರಿ "ಸಕತ್ ಮೇಕಿಂಗ್" ಅಂತ ಬರೆದಿದ್ದ. ಆಮೆ ನಿಜ ಅಂತ ಗೊತ್ತಾಗಿ ವಾರ ಕಳೆದ ಮೇಲೆ ಬರೆದದ್ದು ಒಂದೇ ಸಾಲು: "ಅವರನ್ನು ವಾಪಸ್ ಕರೀಬಾರದಿತ್ತು."

ಗೆಳತಿಯೂ ಬರೆದುಕೊಟ್ಟಳು. ಸಿಟ್ಟಿನ ಮಾತು ಇರುತ್ತೆ ಅಂದುಕೊಂಡಿದ್ದೆ. ಇರಲಿಲ್ಲ. "ಹೊರಗೆ ಬಂದು ಬಾಗಿಲು ಹಾಕಿಕೊಂಡೆ. ಆದರೂ ಆ ಸದ್ದು ಕೇಳ್ತಾನೇ ಇತ್ತು. ನೀವು ಯಾರೂ ಕಮ್ಮಿ ಮಾಡಲಿಲ್ಲ" ಅಂತ ಇತ್ತು.

ಈಗ ಯಾರೇ ಎದ್ದರೂ ನಾನು ಮೊದಲು ರಿಮೋಟ್ ತೆಗೆದುಕೊಂಡು ಸದ್ದು ನಿಲ್ಲಿಸುತ್ತೇನೆ. ಆಮೇಲೆ ಅವರ ಹಿಂದೆ ಹೋಗುತ್ತೇನೆ.