ಬಿಡಿ ಕ್ಯಾನ್ವಾಸ್: ಬೆನ್ನು ನೋಡಿ ಕೊಳ್ಳಿ, ಸಡಿಲವಾಗಿ ಸುತ್ತಿಡಿ

ತೈಲವರ್ಣಕ್ಕೆ ದುಬಾರಿ ಬಣ್ಣ, ದುಬಾರಿ ಬ್ರಷ್ ಕೊಳ್ಳುವವರೂ ಕ್ಯಾನ್ವಾಸ್ ರೋಲನ್ನು ಮಾತ್ರ ಹಳೇ ಚಾಪೆಯ ಹಾಗೆ ಮೂಲೆಗೆ ಒರಗಿಸಿಬಿಡುತ್ತಾರೆ. ಆರು ತಿಂಗಳ ಮೇಲೆ ಬಿಚ್ಚಿದರೆ ಉದ್ದಕ್ಕೂ ಗೆರೆ, ಕೆಳ ಅಂಚು ಜಜ್ಜಿ ಹೋಗಿರುತ್ತದೆ. ಚೌಕಟ್ಟಿಗೆ ಎಳೆದು ಬಿಗಿದರೆ ಸರಿಹೋಗುತ್ತೆ ಅಂದುಕೊಳ್ಳುತ್ತಾರೆ. ಬಟ್ಟೆಯ ಸುಕ್ಕು ಹೋಗಬಹುದು, ಬಣ್ಣ ಹಿಡಿಯಲೆಂದು ಅದರ ಮೇಲೆ ಮೊದಲೇ ಬಳಿದ ಬಿಳಿ ಪದರ, ಅಂದರೆ ಪ್ರೈಮರ್‌ನಲ್ಲಿ ಬಿದ್ದ ಬಿರುಕು ಹೋಗುವುದಿಲ್ಲ.

ಮೊದಲು ಬಟ್ಟೆ. ಲಿನನ್ ಅಥವಾ ಕಾಟನ್, ಎರಡೂ ಆಗುತ್ತದೆ. ಲಿನನ್ ಎಳೆ ಗಟ್ಟಿ, ಕಾಟನ್ ಹೆಚ್ಚು ಹಿಗ್ಗುತ್ತದೆ. ಚಿತ್ರ ದೊಡ್ಡದಾದರೆ ಲಿನನ್ ತಗೊಳ್ಳಿ. ಕಾಟನ್ ಆದರೆ ಚದರ ಮೀಟರಿಗೆ 340 ಗ್ರಾಂ ಆಸುಪಾಸು ಇರಲಿ, ಈ ತೂಕ ಪ್ರೈಮ್ ಮಾಡುವ ಮುಂಚಿನದು. ತೆಳು ಬಟ್ಟೆಗೆ ದಪ್ಪ ಬಿಳಿ ಬಳಿದು ಭಾರ ಮಾಡಿ ಮಾರುವವರಿದ್ದಾರೆ. ‘ಮೂರು ಕೋಟ್’ ಎಂದು ಲೇಬಲ್ ಮೇಲೆ ಬರೆದಿದ್ದರೆ ಮರುಳಾಗಬೇಡಿ, ಕೋಟ್ ಎಷ್ಟು ತೆಳು ಎಂದು ಅದು ಹೇಳುವುದಿಲ್ಲ.

ಇನ್ನು ಪ್ರೈಮರ್. ಅಕ್ರಿಲಿಕ್ ಗೆಸ್ಸೊ (ನೀರಿನಲ್ಲಿ ಕಲಸುವ ಬಿಳಿ ಪ್ರೈಮರ್) ಬಳಿದದ್ದರ ಮೇಲೆ ತೈಲವರ್ಣ ಕೂರುತ್ತದೆ. ಎಣ್ಣೆ ಪ್ರೈಮರ್ ಇದ್ದರೆ ಅದರ ಮೇಲೆ ಅಕ್ರಿಲಿಕ್ ಬಣ್ಣ ಮಾತ್ರ ಬೇಡ, ಮುಂದೊಂದು ದಿನ ಎದ್ದು ಬರುತ್ತದೆ. ಪ್ರೈಮರ್ ಯಾಕೆ ಮುಖ್ಯ ಎಂದರೆ, ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೇರವಾಗಿ ಎಳೆಗೆ ತಾಗಿದರೆ ವರ್ಷಗಳಲ್ಲಿ ಬಟ್ಟೆ ಪೆಡಸಾಗಿ ಮುರಿಯುತ್ತದೆ. ಹಾಗಾಗಿ ಎಲ್ಲರೂ ಮುಂಭಾಗ ಸವರಿ ನೋಡುವಾಗ ನೀವು ತಿರುಗಿಸಿ ಬೆನ್ನು ನೋಡಿ. ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದ ಹಾಗೆ ಚುಕ್ಕೆಗಳು ಹೊಳೆಯುತ್ತವಾ? ಬಿಟ್ಟುಬಿಡಿ. ಇಡೀ ರೋಲ್ ಕೊಳ್ಳುವ ಮುಂಚೆ ಒಂದು ತುಂಡು ತಂದು, ಮುಂಭಾಗಕ್ಕೆ ಒಂದು ಹನಿ ಅಗಸೆ ಎಣ್ಣೆ ಹಾಕಿ. ಮರುದಿನ ಬೆನ್ನಲ್ಲಿ ಮಚ್ಚೆ ಕಂಡರೆ ಎಣ್ಣೆ ಇಳಿದಿದೆ ಎಂದರ್ಥ. ಅದೇ ತುಂಡಿನ ಮೂಲೆ ಮಡಚಿ ಬಿಡಿ. ಬಿಳಿ ಪುಡಿ ಉದುರಿದರೆ ಆ ರೋಲ್ ಸುತ್ತಿಡೋಕೆ ಲಾಯಕ್ಕಿಲ್ಲ. ಹಾಳೆ ಹಾಳೆಯಾಗಿ ಸಿಗುವ ಕ್ಯಾನ್ವಾಸ್ ಪ್ಯಾಡ್ ಅಭ್ಯಾಸಕ್ಕೆ ಸಾಕು.

ಈಗ ಸುತ್ತುವ ಕೆಲಸ. ಎಡವುವುದೆಲ್ಲ ಇಲ್ಲೇ.

ಕೊಳವೆಯ ಅಡ್ಡಳತೆ ಕನಿಷ್ಠ 10 ಸೆಂಟಿಮೀಟರ್ ಇರಲಿ. ಎಣ್ಣೆ ಪ್ರೈಮರ್ ಹಚ್ಚಿದ್ದಾದರೆ 15 ಇರಲಿ, ಅದು ಹಳೆಯದಾದಷ್ಟೂ ಗಡುಸು. ಪೋಸ್ಟರ್ ಬರುವ ಸಣ್ಣ ಕೊಳವೆ ಸುಮ್ನೆ ದಂಡ. ಕೊಳವೆ ಕ್ಯಾನ್ವಾಸ್‌ಗಿಂತ ಎರಡೂ ಕಡೆ ಸ್ವಲ್ಪ ಚಾಚಿರಬೇಕು, ಆಗ ಪೆಟ್ಟು ಕೊಳವೆಗೆ ಬೀಳುತ್ತದೆ, ಬಟ್ಟೆಗಲ್ಲ. ರಟ್ಟಿನ ಕೊಳವೆಯಲ್ಲಿ ಆಮ್ಲ ಇರುತ್ತದೆ, ಮೊದಲು ಅದಕ್ಕೆ ಆಮ್ಲರಹಿತ ಕಾಗದ ಸುತ್ತಿ.

ನೆಲಕ್ಕೆ ಶುಭ್ರ ಹಾಳೆ ಹಾಸಿ, ಅದರ ಮೇಲೆ ಕ್ಯಾನ್ವಾಸನ್ನು ಬೋರಲಾಗಿ ಹಾಸಿ. ಬಿಳಿ ಮುಖ ಕೆಳಗೆ, ಬೆನ್ನು ಮೇಲೆ. ಬೆನ್ನ ಮೇಲೆ ಕೊಳವೆ ಇಟ್ಟು ಉರುಳಿಸಿದರೆ ಪ್ರೈಮರ್ ಹೊರಮುಖವಾಗುತ್ತದೆ. ಬಿಳಿ ಮುಖ ಒಳಗಿದ್ದರೆ ಕೊಳೆಯಾಗಲ್ಲ ಅಂತ ಉಲ್ಟಾ ಸುತ್ತುವವರು ಜಾಸ್ತಿ. ಒಳಗೆ ಹೋದ ಪದರ ಒತ್ತಿ ನೆರಿಗೆಗಟ್ಟುತ್ತದೆ. ಹೊರಗಿದ್ದರೆ ಸ್ವಲ್ಪ ಹಿಗ್ಗುತ್ತದೆ ಅಷ್ಟೇ, ಬಿಚ್ಚಿದಾಗ ಸಮವಾಗುತ್ತದೆ.

ಸುತ್ತಿನ ನಡುವೆ ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಹಾಕಿ. ಮೇಣದ ಕಾಗದ ಬೇಡ, ಮೇಣ ಅಂಟಿದ ಕಡೆ ಬಣ್ಣ ಹಿಡಿಯುವುದಿಲ್ಲ. ನ್ಯೂಸ್‌ಪೇಪರ್ ಬೇಡವೇ ಬೇಡ. ಟೇಪ್ ಹಚ್ಚುವುದಾದರೆ ಕಾಗದವನ್ನು ಕೊಳವೆಗೆ ಹಚ್ಚಿ, ಕ್ಯಾನ್ವಾಸ್‌ಗೆ ಮುಟ್ಟಿಸಬೇಡಿ. ನೇಯ್ಗೆಯ ಅಂಚು ಕೊಳವೆಗೆ ನೇರವಾಗಿ ಬರುವಂತೆ ಹೊಂದಿಸಿ, ಇಬ್ಬರು ಆಚೆ ಈಚೆ ಕೂತು ಒಂದೇ ವೇಗದಲ್ಲಿ ಉರುಳಿಸಿ. ಅರ್ಧ ದಾರಿಯಲ್ಲಿ ಒಂದು ಕಡೆ ಶಂಕುವಿನಂತೆ ಚಾಚತೊಡಗಿದರೆ ಅಂಗೈಯಲ್ಲಿ ಕುಟ್ಟಿ ಒಳಗೆ ತಳ್ಳಬೇಡಿ, ಅಲ್ಲೇ ಅಂಚಿನ ಪ್ರೈಮರ್ ಒಡೆಯುತ್ತದೆ. ಪೂರ್ತಿ ಬಿಚ್ಚಿ ಮತ್ತೆ ಶುರು ಮಾಡಿ. ಬೇಜಾರಿನ ಕೆಲಸವೇ, ಆದರೆ ಬೇರೆ ದಾರಿಯಿಲ್ಲ. ಕೊನೆಗೆ ಅಗಲವಾದ ಹತ್ತಿ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ರಬ್ಬರ್ ಬ್ಯಾಂಡ್ ಹಾಕಿದಲ್ಲಿ ಕಾಲುವೆ ಬೀಳುತ್ತದೆ.

ಇಡುವಾಗ ಮಲಗಿಸಿ ಇಡಿ. ಕೊಳವೆಯೊಳಗೆ ಕೋಲು ತೂರಿಸಿ ಎರಡೂ ತುದಿ ಆಸರೆಗೆ ಕೂರಿಸಿದರೆ ಇನ್ನೂ ಒಳ್ಳೆಯದು, ಬಟ್ಟೆಯ ಮೇಲೆ ಭಾರವೇ ಬೀಳುವುದಿಲ್ಲ. ನೆಲಕ್ಕೆ, ಹೊರಗೋಡೆಗೆ ತಾಗಿಸಬೇಡಿ. ತೇವ ಇರುವ ಕಡೆ ಪ್ಲಾಸ್ಟಿಕ್ ಬಿಗಿದರೆ ಬೂಷ್ಟು ಗ್ಯಾರಂಟಿ, ಹತ್ತಿ ಬಟ್ಟೆ ಹೊದಿಸಿದರೆ ಸಾಕು. ಎಣ್ಣೆ ಪ್ರೈಮರ್ ಕತ್ತಲಲ್ಲಿ ಹಳದಿಯಾಗುತ್ತದೆ, ಗಾಬರಿ ಬೇಡ, ಕೆಲವು ದಿನ ಬೆಳಕಿಗಿಟ್ಟರೆ ಬಹುಪಾಲು ಬಿಳಿಯಾಗುತ್ತದೆ. ಬೆನ್ನಿನ ಅಂಚಲ್ಲಿ ಬಟ್ಟೆ, ತೂಕ, ಪ್ರೈಮರ್, ತಾರೀಖು ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯಬಹುದು.

ಬಿಚ್ಚುವಾಗಲೂ ಅವಸರ ಬೇಡ. ಚಳಿಯಲ್ಲಿ ಅಕ್ರಿಲಿಕ್ ಗೆಸ್ಸೊ ಪೆಡಸಾಗಿರುತ್ತದೆ, ಕೋಣೆ ಬೆಚ್ಚಗಾದ ಮೇಲೆ ಬಿಚ್ಚಿ. ಚಿತ್ರದ ಅಳತೆಗೆ ಸುತ್ತಲೂ 5 ಸೆಂಟಿಮೀಟರ್ ಜೊತೆಗೆ ಚೌಕಟ್ಟಿನ ದಪ್ಪವನ್ನೂ ಸೇರಿಸಿ ಕತ್ತರಿಸಿ. ಸುರುಳಿಯಾಗಿಯೇ ನಿಂತರೆ ಉಲ್ಟಾ ಸುತ್ತಿ ನೆಟ್ಟಗೆ ಮಾಡಲು ಹೋಗಬೇಡಿ. ಸಮತಟ್ಟಾದ ಹಲಗೆಯ ಮೇಲೆ ಬೋರಲಾಗಿ ಹಾಸಿ, ಮೂಲೆಗಳಿಗೆ ಹಗುರ ತೂಕ ಇಟ್ಟು ಒಂದು ರಾತ್ರಿ ಬಿಡಿ. ಚೌಕಟ್ಟಿಗೆ ಬಿಗಿದ ಮೇಲೂ ಸಣ್ಣ ತಗ್ಗು ಉಳಿದಿದ್ದರೆ, ಬೆನ್ನಿಗೆ ಅಲ್ಲಿ ಮಾತ್ರ ನೀರು ಚಿಮುಕಿಸಿ ಒಣಗಲು ಬಿಡಿ. ಇಸ್ತ್ರಿ ಪೆಟ್ಟಿಗೆ ಅಲಮಾರಿಯಲ್ಲೇ ಇರಲಿ.