ಫೈಬರ್ ದೋಣಿ ಸೀಳಿದರೆ ತೇಪೆ ಹಾಕುವುದು ಹೇಗೆ?

ಕಲ್ಲಿಗೆ ತಾಗಿ ಸೀಳಿದ ಫೈಬರ್ ದೋಣಿಯನ್ನು ಹತ್ತಿರದಿಂದ ನೋಡಿ. ಸೀಳಿನ ಅಂಚಿನಲ್ಲಿ ಬಿಳಿ ನಾರು ಹೊರಗೆ ಇಣುಕುತ್ತಿರುತ್ತದೆ. ಅದು ಗಾಜಿನ ಎಳೆ. ದೋಣಿಯ ಬಲ ಇರುವುದು ಅದರಲ್ಲೇ. ಸುತ್ತಲಿನ ರೆಸಿನ್ (ಗಟ್ಟಿಯಾದ ಅಂಟಿನಂಥ ರಾಳ) ಆ ಎಳೆಗಳನ್ನು ಹಿಡಿದಿಟ್ಟು, ಬಿದ್ದ ಭಾರವನ್ನು ಒಂದರಿಂದ ಒಂದಕ್ಕೆ ಹಂಚುತ್ತದೆ, ಅಷ್ಟೆ. ಹಾಗಾಗಿ ಬರೀ ರೆಸಿನ್ ಸುರಿದು ಸೀಳು ಮುಚ್ಚಬೇಡಿ. ಅದು ಬೇಗ ಬಿರುಕು ಬಿಡುತ್ತದೆ.

ನಾನು ಮೊದಲ ಸಲ ಹಾಕಿದ ತೇಪೆ ವಾರದೊಳಗೆ ಹಪ್ಪಳದ ಹಾಗೆ ಎದ್ದು ಬಂತು. ರೆಸಿನ್ ಒಳ್ಳೆಯದೇ ಇತ್ತು. ಹಳೇ ಪೇಂಟ್ ಉಜ್ಜದೆ ಅದರ ಮೇಲೇ ಅಂಟಿಸಿದ್ದೆ.

ಮೊದಲು ಸಿಹಿನೀರಿನಲ್ಲಿ ಉಪ್ಪು ತೊಳೆದು, ದೋಣಿಯನ್ನು ಎರಡು ಮೂರು ದಿನ ಚೆನ್ನಾಗಿ ಒಣಗಿಸಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಆಮೇಲೆ ಗ್ರೈಂಡರ್‌ನಿಂದ ಪೇಂಟ್, ಸಡಿಲವಾದ ನಾರು ಎಲ್ಲ ತೆಗೆಯಿರಿ. ಅಂಚನ್ನು ಇಳಿಜಾರಾಗಿ ಉಜ್ಜಬೇಕು. ದಪ್ಪದ ಹನ್ನೆರಡು ಪಟ್ಟು ಅಗಲದ ಇಳಿಜಾರು ಬೇಕು. ಅಂದರೆ ದೋಣಿಯ ಮೈ 5 ಮಿ.ಮೀ. ದಪ್ಪ ಇದ್ದರೆ, ಸೀಳಿನ ಎರಡೂ ಬದಿಗೆ 6 ಸೆಂ.ಮೀ. ಇದು ಜಾಸ್ತಿ ಅನ್ನಿಸಬಹುದು. ಆದರೆ ಹೊಸ ನಾರು ಹಳೆಯದನ್ನು ಹಿಡಿದುಕೊಳ್ಳಲು ಜಾಗ ಬೇಕಲ್ವಾ? ಗಾಜಿನ ಪುಡಿ ಮೈಗೆ ತಾಗಿದರೆ ವಿಪರೀತ ತುರಿಕೆ. ತುಂಬುತೋಳಿನ ಅಂಗಿ, ಮಾಸ್ಕ್, ಕನ್ನಡಕ ಬೇಕೇ ಬೇಕು. ಕೊನೆಗೆ 80 ನಂಬರಿನ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಅಸಿಟೋನ್ (ಜಿಡ್ಡು ತೆಗೆಯುವ ದ್ರವ) ಅದ್ದಿದ ಬಟ್ಟೆಯಿಂದ ಒರೆಸಿ.

ತೂತು ಆರಪಾರ ಆಗಿದ್ದರೆ ಹಿಂದಿನಿಂದ ಪಾಲಿಥಿನ್ ಹಾಳೆ ಸುತ್ತಿದ ರಟ್ಟು ಒತ್ತಿ ಕಟ್ಟಿ. ಪಾಲಿಥಿನ್‌ಗೆ ರೆಸಿನ್ ಹಿಡಿಯುವುದಿಲ್ಲ. ತಾರಸಿ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿಗೆ ಈ ತೇಪೆ ನಿಲ್ಲದಿರುವುದೂ ಇದೇ ಕಾರಣಕ್ಕೆ.

ಈಗ ಲೆಕ್ಕ. ತೇಪೆಗೆ ಬೇಕಾದ ಗಾಜಿನ ನಾರಿನ ಹಾಳೆಗೆ ಮ್ಯಾಟ್ ಅನ್ನುತ್ತಾರೆ. 450 ಗ್ರಾಂ ಮ್ಯಾಟ್ ಅಂದರೆ ಒಂದು ಚದರ ಮೀಟರಿನ ತೂಕ 450 ಗ್ರಾಂ. ಒಂದು ಚದರ ಅಡಿಗೆ ಸುಮಾರು 42 ಗ್ರಾಂ. ಮೂರು ಪದರಕ್ಕೆ 125 ಗ್ರಾಂ ಮ್ಯಾಟ್, ಅದರ ಎರಡೂವರೆ ಪಟ್ಟು, ಅಂದರೆ 300 ಗ್ರಾಂ ಚಿಲ್ಲರೆ ಪಾಲಿಯೆಸ್ಟರ್ ರೆಸಿನ್ ಸಾಕು.

100 ಗ್ರಾಂ ರೆಸಿನ್‌ಗೆ 1ರಿಂದ 2 ಗ್ರಾಂ ಹಾರ್ಡ್ನರ್ (ರೆಸಿನ್ ಗಟ್ಟಿಯಾಗಿಸುವ ದ್ರವ). ಸೆಕೆ ಜಾಸ್ತಿ ಇದ್ದರೆ 1ರ ಹತ್ತಿರ ಇರಲಿ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ಬೇರೆಯಾಗಿ ಕೊಟ್ಟಿದ್ದರೆ ಮೊದಲು ಅದನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡ್ನರ್ ಹಾಕಿ. ಕೋಬಾಲ್ಟ್ ಮತ್ತು ಹಾರ್ಡ್ನರ್ ಎರಡನ್ನೂ ನೇರವಾಗಿ ಎಂದೂ ಬೆರೆಸಬೇಡಿ, ಸಿಡಿಯಬಹುದು. ಹಾರ್ಡ್ನರ್ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೂಡಲೇ ನೀರಲ್ಲಿ ತೊಳೆಯುತ್ತಲೇ ಇರಿ, ಆಮೇಲೆ ಆಸ್ಪತ್ರೆಗೆ ಹೋಗಿ.

ಒಂದೇ ಸಲಕ್ಕೆ ಜಾಸ್ತಿ ಕಲಸಬೇಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ, ಡಬ್ಬಿಯಲ್ಲಿ ಉಳಿದದ್ದು ಬಿಸಿಯೇರಿ ಹೊಗೆಯಾಡುತ್ತದೆ. ಅದನ್ನು ಹೊರಗೆ ಮರಳಿನ ಮೇಲಿಡಿ.

ಉಜ್ಜಿದ ಜಾಗಕ್ಕೆ ರೆಸಿನ್ ಹಚ್ಚಿ, ಚಿಕ್ಕ ಮ್ಯಾಟ್ ಇಟ್ಟು ಬ್ರಷ್‌ನಿಂದ ಕುಟ್ಟಿ ನೆನೆಸಿ. ಬಿಳಿ ಮ್ಯಾಟ್ ಕಣ್ಣೆದುರೇ ಗಾಜಿನಂತೆ ಪಾರದರ್ಶಕವಾಗುತ್ತದೆ. ಎಲ್ಲಿ ಬಿಳಿ ಉಳಿಯಿತೋ ಅಲ್ಲಿ ಗಾಳಿ ಇದೆ. ರೋಲರ್‌ನಿಂದ ನಡುವಿನಿಂದ ಅಂಚಿಗೆ ಒತ್ತಿ ಹೊರಡಿಸಿ. ಮೇಲಿನ ಪದರಗಳು ಒಂದಕ್ಕಿಂತ ಒಂದು ದೊಡ್ಡದಿರಲಿ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಶೇ. 45ರಷ್ಟು ಇಂಥ ಸಂಯೋಜಿತ ವಸ್ತುವೇ. ಅಲ್ಲಿ ಗಾಜಿನ ಬದಲು ಹೆಚ್ಚಾಗಿ ಕಾರ್ಬನ್ ನಾರು. ಆಟೋಕ್ಲೇವ್ ಎಂಬ ದೊಡ್ಡ ಒಲೆಯಲ್ಲಿ ಒತ್ತಡ ಹಾಕಿ ಬೇಯಿಸುತ್ತಾರೆ. ಅಲ್ಲೂ ದೊಡ್ಡ ಶತ್ರು ಈ ಗಾಳಿಗುಳ್ಳೆಯೇ.

ಒಂದು ದಿನ ಬಿಡಿ. ಆಮೇಲೆ ಒಂದು ನಾಣ್ಯ ಹಿಡಿದು ತೇಪೆಯ ಮೇಲೆಲ್ಲ ತಟ್ಟುತ್ತಾ ಹೋಗಿ. ಟಣ್ ಎಂದರೆ ಸರಿ. ಡಬ್ ಎಂದು ಟೊಳ್ಳು ಸದ್ದು ಬಂದ ಕಡೆ ಪೆನ್ಸಿಲ್‌ನಿಂದ ಗುರುತು ಮಾಡಿ, ಅಷ್ಟನ್ನು ಉಜ್ಜಿ ತೆಗೆದು ಮತ್ತೆ ಹಾಕಿ. ಪೇಂಟ್ ಆಮೇಲೆ.